ನಮ್ಮಲ್ಲಿ ಅಂದರೆ ಎಲ್ಲಿ?

ಕೇಳುಗರಿಗೆ ನಮಸ್ಕಾರ.

11 ವರ್ಷ ಹೊರದೇಶದಲ್ಲಿದ್ದು ಮನೆಗೆ ವಾಪಸ್ ಬಂದ ಮೊದಲ ವಾರ. ಅಕ್ಕ, ಭಾವ, ಅಕ್ಕನ ಮಗಳು ಮೂವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹೊರಟೆ ಅಂದೆ, ಅಷ್ಟು ಸುಲಭವಾಗಿ ಹೊರಡಲಿಲ್ಲ. ಮೊದಲು ತಪ್ಪು ಬಾಗಿಲು ತೆಗೆದು ಕೂತೆ. ಬೆಲ್ಟ್ ಹಾಕಿಕೊಂಡೆ. ಎದುರಿಗೆ ಸ್ಟೀರಿಂಗೇ ಇಲ್ಲ! ಏನೋ ಹುಡುಕುವವನ ಹಾಗೆ ಮುಂದಿನ ಡಬ್ಬಿ ತೆರೆದು ಮುಚ್ಚಿ, ಇಳಿದು, ಒಂದು ಸುತ್ತು ಹಾಕಿ ಆ ಕಡೆ ಹೋಗಿ ಕೂತೆ. ಯಾರೂ ಮಾತಾಡಲಿಲ್ಲ. ರಸ್ತೆಗೆ ಬಂದ ಮೇಲೆ ಒಂದು ತಿರುವು. ಹೊರಗೆ ಸುಡುಬಿಸಿಲು. ನಾನು ಇಂಡಿಕೇಟರ್ ಹಾಕಿದೆ, ವೈಪರ್ ಓಡಿತು. ಒಣ ಗಾಜಿನ ಮೇಲೆ ಕಿರ್ರ್ ಕಿರ್ರ್. ನಿಲ್ಲಿಸೋಣ ಅಂತ ಅದೇ ಕಡ್ಡಿ ಎಳೆದರೆ ನೀರೂ ಚಿಮ್ಮಿತು. ಭಾವ ತಲೆ ಬಗ್ಗಿಸಿ ಕಿಟಕಿಯಿಂದ ಆಕಾಶ ನೋಡಿದರು. ಹಿಂದಿನ ಸೀಟಿನಿಂದ ಅಕ್ಕನ ಮಗಳು ಕೇಳಿದಳು, "ಮಾಮ, ಮಳೆ ಬರುತ್ತಾ?"

ತಪ್ಪು ನನ್ನ ಕೈಯದ್ದು, ನನ್ನದಲ್ಲ. ಬಲಗಡೆ ಗಾಡಿ ಓಡಿಸುವ ದೇಶಗಳ ಕಾರಿನಲ್ಲಿ ಇಂಡಿಕೇಟರ್ ಕಡ್ಡಿ ಸ್ಟೀರಿಂಗಿನ ಎಡಕ್ಕಿರುತ್ತದೆ. ಎಡಗಡೆ ಓಡಿಸುವ ಎಷ್ಟೋ ದೇಶಗಳಲ್ಲಿ ಅದೇ ಜಾಗದಲ್ಲಿ ವೈಪರ್ ಕಡ್ಡಿ. ನಾನು ವಾಪಸ್ ಬಂದ ಸುದ್ದಿ ಕೈಗಿನ್ನೂ ತಲುಪಿರಲಿಲ್ಲ, ಅಷ್ಟೇ. ದೀಪದ ಸ್ವಿಚ್ಚಿನದ್ದೂ ಇದೇ ಕಥೆ. ಕೆಲವು ದೇಶಗಳಲ್ಲಿ ಮೇಲೆತ್ತಿದರೆ ದೀಪ ಹತ್ತುತ್ತದೆ, ಕೆಲವು ಕಡೆ ಕೆಳಗೊತ್ತಿದರೆ. ಬಂದ ರಾತ್ರಿ ನೀರು ಕುಡಿಯಲು ಎದ್ದೆ. ಸ್ವಿಚ್ಚನ್ನು ಮೇಲಕ್ಕೆ ತಳ್ಳಿದೆ, ತಳ್ಳಿದೆ, ಬೆಳಕಿಲ್ಲ. ಕರೆಂಟ್ ಹೋಗಿದೆ ಅಂತ ಕತ್ತಲಲ್ಲೇ ತಡಕಾಡಿ, ಮೊಣಕಾಲು ಮೇಜಿಗೆ ಬಡಿಸಿಕೊಂಡು ಬಂದು ಮಲಗಿದೆ. ಕರೆಂಟ್ ಇತ್ತು.

ಬೇರೆ ದೇಶಕ್ಕೆ ಹೋದಾಗ ಆಗುವ ಗೊಂದಲಕ್ಕೆ ಕಲ್ಚರ್ ಶಾಕ್ ಅನ್ನುತ್ತಾರೆ. ಈ ಮಾತು ಜನರ ಬಾಯಿಗೆ ಬರಲು ದೊಡ್ಡ ಕಾರಣ ಕಲೆರ್ವೊ ಒಬರ್ಗ್ ಎಂಬ ಮಾನವಶಾಸ್ತ್ರಜ್ಞ. 1954ರಲ್ಲಿ ಬ್ರೆಜಿಲ್ಲಿನ ರಿಯೊ ಡಿ ಜನೈರೊದ ಮಹಿಳೆಯರ ಕ್ಲಬ್ಬಿನಲ್ಲಿ ಅವರು ಇದರ ಬಗ್ಗೆ ಭಾಷಣ ಮಾಡಿದರು. ಇದನ್ನೊಂದು ಕಾಯಿಲೆ ಅಂತಲೇ ಹೇಳಿ ಲಕ್ಷಣಗಳನ್ನೂ ಕೊಟ್ಟರು. ಪದೇ ಪದೇ ಕೈ ತೊಳೆಯುವುದು. ಕುಡಿಯುವ ನೀರು, ಊಟ, ಹಾಸಿಗೆ ಬಗ್ಗೆ ವಿಪರೀತ ಚಿಂತೆ. ಎಲ್ಲೋ ದೂರ ದಿಟ್ಟಿಸುತ್ತಾ ಕೂರುವುದು. ಸ್ವಲ್ಪ ತಡವಾದರೆ ಸಿಡಿಮಿಡಿ. ಇದನ್ನು ಅಕ್ಕನಿಗೆ ಓದಿ ಹೇಳಿದೆ. "ಹೊರದೇಶಕ್ಕೆ ಹೋದವರಿಗೆ ಹೀಗೆಲ್ಲ ಆಗುತ್ತಂತೆ ನೋಡು" ಅಂದೆ. ಅವಳು ನನ್ನ ಒದ್ದೆ ಕೈ ನೋಡಿದಳು. "ನೀನು ಬಂದಿರೋದು ಮನೆಗೆ ಅಲ್ವೇನೋ?" ಅಂದಳು.

ಅವಳ ಪ್ರಶ್ನೆಗೂ ಉತ್ತರ ಇದೆ. ಹೊರಗೆ ಹೋದವರ ಮನಸ್ಸಿನ ಏರಿಳಿತ ಇಂಗ್ಲಿಷಿನ ಯು ಅಕ್ಷರದ ಹಾಗೆ ಅಂತ ಒಂದು ಲೆಕ್ಕ ಆಗಲೇ ಇತ್ತು. ಮೊದಲು ಖುಷಿ, ಆಮೇಲೆ ಕುಸಿತ, ನಿಧಾನಕ್ಕೆ ಚೇತರಿಕೆ. 1963ರಲ್ಲಿ ಗಲ್ಲಹಾರ್ನ್ ಎಂಬ ಸಂಶೋಧಕ ದಂಪತಿ, ವಾಪಸ್ ಬಂದ ಮೇಲೂ ಇಂಥದೇ ಇನ್ನೊಂದು ಯು ಇದೆ ಅಂದರು. ಎರಡೂ ಸೇರಿದರೆ ಡಬ್ಲ್ಯು. ಮೊದಲ ಗುಂಡಿಯ ಬಗ್ಗೆ ಊರೆಲ್ಲ ಎಚ್ಚರಿಸುತ್ತದೆ. ಜೋಪಾನ, ಹುಷಾರು, ಹೊಂದಿಕೊಂಡು ಹೋಗು ಅಂತ. ಎರಡನೇ ಗುಂಡಿಯ ಬಗ್ಗೆ ಒಬ್ಬರೂ ಹೇಳುವುದಿಲ್ಲ. ಮನೆಗೆ ತಾನೇ ಹೋಗ್ತಿರೋದು!

ಗ್ರೀಕ್ ಕವಿ ಹೋಮರನ ಕಥೆಯಲ್ಲಿ ಒಡಿಸಿಯಸ್ 20 ವರ್ಷದ ನಂತರ ತನ್ನ ಇಥಾಕಾ ದ್ವೀಪಕ್ಕೆ ಬರುತ್ತಾನೆ. ಬರುತ್ತಾನೆ ಅಂದರೆ, ನಿದ್ದೆಯಲ್ಲಿದ್ದವನನ್ನು ಹಡಗಿನವರು ಎತ್ತಿ ದಡದಲ್ಲಿ ಮಲಗಿಸಿ ಹೋಗಿರುತ್ತಾರೆ. ಅಥೀನಾ ದೇವಿ ಸುತ್ತ ಮಂಜು ಕವಿಸಿರುತ್ತಾಳೆ. ಎಚ್ಚರವಾದರೆ ಸ್ವಂತ ಊರಿನ ಗುರುತೇ ಸಿಗುವುದಿಲ್ಲ. ಅಯ್ಯೋ, ಇದು ಯಾರ ನಾಡಪ್ಪ ಅಂತ ಗೋಳಾಡುತ್ತಾನೆ. ಆ ಗೋಳಿನ ನಡುವೆಯೇ ಅಷ್ಟು ದೊಡ್ಡ ವೀರ ಏನು ಮಾಡುತ್ತಾನೆ ಗೊತ್ತಾ? ತಂದ ಸಾಮಾನೆಲ್ಲ ಇದೆಯಾ ಅಂತ ಒಂದೊಂದಾಗಿ ಎಣಿಸುತ್ತಾನೆ. ವಿಮಾನ ನಿಲ್ದಾಣದಲ್ಲಿ ಸುತ್ತುವ ಬೆಲ್ಟಿನ ಪಕ್ಕ ನಿಂತು ನಾನು ಮಾಡಿದ್ದೂ ಅದೇ. ಕಣ್ಣಲ್ಲಿ ನೀರು, ಬಾಯಲ್ಲಿ ಒಂದು, ಎರಡು, ಮೂರು, ಆ ಕೆಂಪು ಪೆಟ್ಟಿಗೆ ಎಲ್ಲಿ?

ವಿಯೆನ್ನಾ ಬಿಟ್ಟು ಅಮೆರಿಕ ಸೇರಿದ್ದ ಆಲ್ಫ್ರೆಡ್ ಷುಟ್ಸ್ ಎಂಬ ಚಿಂತಕ 1945ರಲ್ಲಿ ಮನೆಗೆ ಮರಳುವವರ ಬಗ್ಗೆ ಒಂದು ಲೇಖನ ಬರೆದರು. ಅವರೂ ಶುರು ಮಾಡಿದ್ದು ಈ ಒಡಿಸಿಯಸ್ಸನಿಂದಲೇ. ಪರವೂರಿಗೆ ಹೋಗುವವನಿಗೆ ಅಲ್ಲಿ ಏನೂ ಗೊತ್ತಿಲ್ಲ ಅನ್ನೋದಾದರೂ ಗೊತ್ತಿರುತ್ತದೆ. ಮನೆಗೆ ಬರುವವನು ಎಲ್ಲ ಗೊತ್ತು ಅಂದುಕೊಂಡೇ ಬರುತ್ತಾನೆ. ಅವನ ಗಡಿಯಾರ ಹೊರಟ ದಿನಕ್ಕೇ ನಿಂತಿರುತ್ತದೆ. ಸ್ವೀಡನ್ ದೇಶದವರ ಪಾಡು ಯೋಚಿಸಿ. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ 5 ಗಂಟೆಗೆ ಇಡೀ ದೇಶ ಎಡಗಡೆ ಬಿಟ್ಟು ಬಲಗಡೆ ಗಾಡಿ ಓಡಿಸಲು ಶುರು ಮಾಡಿತು. ಅದಕ್ಕೆ ಮುಂಚೆ ಹೊರಟು ಆಮೇಲೆ ಮರಳಿದವನಿಗೆ ಮನೆ ಅಲ್ಲೇ ಇದೆ, ರಸ್ತೆ ಅದೇ, ಎದುರಿಗೆ ಬರುವ ಲಾರಿ ಮಾತ್ರ ಬೇರೆ ಕಡೆಯಿಂದ.

ನನ್ನ ಲಾರಿ ಭಾಷೆಯ ರೂಪದಲ್ಲಿ ಬಂತು. ನಾನು ಹೊರಡುವಾಗ ಹುಡುಗರೆಲ್ಲ ಆಡುತ್ತಿದ್ದ ಪಡ್ಡೆ ಮಾತುಗಳನ್ನು 11 ವರ್ಷ ಹಾಗೇ ಕಾಪಾಡಿಕೊಂಡಿದ್ದೆ. ಬಂದವನೇ ಅಕ್ಕನ ಮಗಳ ಸ್ನೇಹಿತರ ಮುಂದೆ ಒಂದನ್ನು ಬಿಟ್ಟೆ. ಮಕ್ಕಳು ಮುಖ ಮುಖ ನೋಡಿಕೊಂಡರು. "ನಮ್ಮ ಮಾಮ ಹಳೇ ಕಾಲದವರು" ಅಂತ ಇವಳು ಸಮಜಾಯಿಷಿ ಕೊಟ್ಟಳು. ನಾನು ದೇಶ ಬಿಟ್ಟು ಬಂದವನು ಅಂತ ಅಲ್ಲ, ಹಳೇ ಕಾಲದವನು ಅಂತ!

ಗಡಿಯಾರ ನನ್ನದೊಂದೇ ನಿಂತಿರಲಿಲ್ಲ. ಅಮ್ಮ ಕಪಾಟಿನಿಂದ ಒಂದು ನೀಲಿ ಅಂಗಿ ತೆಗೆದು ಕೊಟ್ಟಳು. "ನಿನಗಿಷ್ಟ ಅಂತ ಎತ್ತಿಟ್ಟಿದ್ದೆ" ಅಂದಳು. ಮಡಿಕೆ ಬಿಚ್ಚಿದರೆ ನುಸಿಗುಳಿಗೆ ವಾಸನೆ. ಮಡಿಕೆಯ ಗೆರೆ ಬಿಳಿಚಿಹೋಗಿತ್ತು. ಮೇಲಿನ ಎರಡು ಗುಂಡಿ ಸಲೀಸಾಗಿ ಹಾಕಿದೆ. ಮೂರನೆಯದಕ್ಕೆ ಉಸಿರು ಎಳೆದುಕೊಂಡೆ. ನಾಲ್ಕನೆಯದು ಕಿತ್ತು ಹಾರಿ ಮಂಚದ ಕೆಳಗೆ ಹೋಯಿತು. ಅಮ್ಮ ಬಗ್ಗಿ ಗುಂಡಿ ಹುಡುಕುತ್ತಾ, "ತೆಳ್ಳಗಾಗಿದ್ದೀಯಪ್ಪ" ಅಂದಳು. ಅಮ್ಮಂದಿರ ಕಣ್ಣಿಗೆ ಬೇರೆಯದೇ ಅಳತೆ ಟೇಪು ಇರಬೇಕು.

ಎಲ್ಲಕ್ಕಿಂತ ಜಾಸ್ತಿ ಕೈಕೊಟ್ಟದ್ದು ಒಂದು ಸಣ್ಣ ಪದ: ನಮ್ಮಲ್ಲಿ. ಹೊರಗಿದ್ದಾಗ ಕಂಡಕಂಡವರಿಗೆಲ್ಲ "ನಮ್ಮಲ್ಲಿ ಹೀಗಲ್ಲ" ಅಂತ ಹೇಳಿ ತಲೆ ತಿಂದಿದ್ದೆ. ನಮ್ಮಲ್ಲಿ ಅಂದರೆ ಆಗ ಮನೆ. ಬಂದ ಮೂರನೇ ದಿನ ಯಾವುದೋ ಸಾಲಿನಲ್ಲಿ ನಿಂತು ಕಾಲು ನೋಯುತ್ತಿದ್ದಾಗ, "ನಮ್ಮಲ್ಲಾದರೆ ಇಷ್ಟು ಹೊತ್ತು ನಿಲ್ಲಿಸಲ್ಲ" ಅಂದುಬಿಟ್ಟೆ. ಭಾವ ಮೆಲ್ಲಗೆ ಕೇಳಿದರು, "ನಿಮ್ಮಲ್ಲಿ ಅಂದ್ರೆ ಎಲ್ಲಿ?" ನನಗೇ ಗೊತ್ತಾಗಲಿಲ್ಲ. ಅಲ್ಲಿದ್ದಷ್ಟು ದಿನ ಅಲ್ಲಿನವರಿಗೆ ಊರು ಹೊಗಳಿದೆ. ಈಗ ಊರಿನವರಿಗೆ ಅಲ್ಲಿಯದನ್ನು ಹೊಗಳುತ್ತಿದ್ದೇನೆ. ಕೇಳುವವರಿಗೆ ಎರಡೂ ಕಡೆ ಬೇಜಾರು.

ಅವತ್ತು ಸಂಜೆಯೇ ಅಕ್ಕನ ಮಗಳು ಒಂದು ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ತಂದಳು. "ಅಲ್ಲಿ ಹಾಗೆ", "ಅಲ್ಲಿ ಹೀಗೆ", "ನಮ್ಮಲ್ಲಾದರೆ", ಈ ಮೂರರಲ್ಲಿ ಯಾವುದು ಬಾಯಿಂದ ಬಂದರೂ ಒಂದು ನಾಣ್ಯ ದಂಡ. ತೀರ್ಪು ಅವಳದೇ, ಮೇಲ್ಮನವಿ ಇಲ್ಲ. ಮೊದಲ ವಾರ ಡಬ್ಬಿ ದಿನವಿಡೀ ಟಣ್ ಟಣ್ ಅನ್ನುತ್ತಿತ್ತು. ಆಮೇಲೆ ಬಾಯಿ ತೆರೆದು, ಡಬ್ಬಿ ನೋಡಿ, ಮುಚ್ಚಿಕೊಳ್ಳುವುದು ಕಲಿತೆ. ಅಮ್ಮನಿಗೆ ಇದೇ ಒಂದು ಚಿಂತೆಯಾಯಿತು. ಹುಡುಗ ಮಾತೇ ಕಡಿಮೆ ಮಾಡಿದ್ದಾನೆ, ಯಾಕೋ ಏನೋ ಅಂತ.

ಎರಡು ತಿಂಗಳಿಗೆ ಡಬ್ಬಿ ತುಂಬಿತು. ಎಲ್ಲರೂ ಸುತ್ತ ಕೂತೆವು. ಅವಳು ನೆಲಕ್ಕೆ ಸುರಿದು ಎಣಿಸಲು ಶುರು ಮಾಡಿದಳು. ಎಣಿಸುತ್ತಾ ಎಣಿಸುತ್ತಾ ಮುಖ ಸಣ್ಣದಾಯಿತು. ಅರ್ಧಕ್ಕರ್ಧ ನನ್ನ ಹಳೇ ಕೋಟಿನ ಜೇಬಿನಲ್ಲಿ ಉಳಿದಿದ್ದ ಆ ದೇಶದ ನಾಣ್ಯಗಳು.

"ಮಾಮ, ಇದು ನಡೆಯಲ್ಲ."

"ಯಾಕೆ ನಡೆಯಲ್ಲ? ಅಲ್ಲಿ ಎಲ್ಲಾ ಕಡೆ ನಡೆಯುತ್ತೆ" ಅಂದೆ.

ಅವಳು ಖಾಲಿ ಡಬ್ಬಿಯನ್ನು ಎತ್ತಿ ನನ್ನ ಮುಂದೆ ಹಿಡಿದಳು.