ಸಾಲದ ಮುಂದೆ ಧರ್ಮ

ಕೇಳುಗರಿಗೆ ನಮಸ್ಕಾರ.

ಧರ್ಮಕ್ಕೂ ದುಡ್ಡಿಗೂ ಇರುವ ನಂಟಿನ ಮಾತು ಬಂದರೆ ದಾನ, ಪ್ರಾಮಾಣಿಕತೆ, ದುಡಿಮೆಯ ನಿಷ್ಠೆ ಇವೇ ಮೊದಲು ನೆನಪಿಗೆ ಬರುತ್ತವೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಾಟೆಸ್ಟೆಂಟ್ ಕ್ರೈಸ್ತರ ಶಿಸ್ತಿನ ಬದುಕನ್ನೂ ಬಂಡವಾಳಶಾಹಿಯ ಬೆಳವಣಿಗೆಯನ್ನೂ ಜೋಡಿಸಿ ಬರೆದರು. ಆ ಚರ್ಚೆ ಇಂದಿಗೂ ಮುಗಿದಿಲ್ಲ. ನಾನು ಇವತ್ತು ಹೇಳಹೊರಟಿರುವುದು ಸಾಲದ ವಿಚಾರ. ಕೊಡುವವನು ಮತ್ತು ಕೈಯೊಡ್ಡುವವನು ಎದುರುಬದುರು ಕೂತಾಗಲೇ ಬೋಧನೆಯ ಬಲ ಎಷ್ಟೆಂಬುದು ಗೊತ್ತಾಗುತ್ತದೆ.

ಯೆಹೂದ್ಯರ ಧರ್ಮಗ್ರಂಥವಾದ ತೋರಾದಲ್ಲಿ ಒಂದು ದೊಡ್ಡ ಕಟ್ಟಳೆ ಇದೆ: ಏಳನೆಯ ವರ್ಷ ಸಾಲ ಮನ್ನಾ. ಬಡವ ತಲೆತಲಾಂತರ ಸಾಲದಲ್ಲೇ ಕೊಳೆಯಬಾರದು ಎಂಬ ಕರುಣೆ ಅದರ ಹಿಂದಿದೆ. ಆದರೆ ಆ ವರ್ಷ ಹತ್ತಿರ ಬಂತೆಂದರೆ ಉಳ್ಳವರು ಸಾಲ ಕೊಡುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಹೀಗೆ ಕೈ ಬಿಗಿಹಿಡಿಯಬೇಡಿ ಎಂದು ಗ್ರಂಥವೇ ಎಚ್ಚರಿಸಿತ್ತು, ಸಾಲಲಿಲ್ಲ. ಬಿತ್ತನೆಗೆ ಕಾಳಿಲ್ಲದವನಿಗೆ ಮನ್ನಾದಿಂದ ಆಗುವ ಲಾಭಕ್ಕಿಂತ ಆ ಹೊತ್ತಿಗೆ ಸಾಲ ಸಿಗದಿರುವ ಕಷ್ಟವೇ ದೊಡ್ಡದು. ಎರಡು ಸಾವಿರ ವರ್ಷಗಳ ಹಿಂದೆ ಹಿಲ್ಲೆಲ್ ಎಂಬ ಗುರು ಇದಕ್ಕೆ ದಾರಿ ಹುಡುಕಿದರು. ಸಾಲ ಕೊಟ್ಟವನು ತನಗೆ ಬರಬೇಕಾದ ಬಾಕಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಿ ಪತ್ರ ಬರೆದುಕೊಟ್ಟರೆ, ಏಳನೆಯ ವರ್ಷದ ಮನ್ನಾ ಆ ಸಾಲಕ್ಕೆ ತಟ್ಟುತ್ತಿರಲಿಲ್ಲ. ಇದನ್ನು ಕೆಲವರು ಕಳ್ಳದಾರಿ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಟ್ಟಳೆಯ ಅಕ್ಷರಕ್ಕೆ ಅಂಟಿಕೊಂಡಿದ್ದರೆ ಯಾರಿಗಾಗಿ ಆ ಕಟ್ಟಳೆ ಹುಟ್ಟಿತೋ ಅವರೇ ಬರಿಗೈಯಲ್ಲಿ ನಿಲ್ಲುತ್ತಿದ್ದರು.

ನಮ್ಮ ಧರ್ಮಶಾಸ್ತ್ರಗಳು ಬಡ್ಡಿ ಬೇಡ ಎನ್ನಲಿಲ್ಲ, ಅದಕ್ಕೆ ಮಿತಿ ಹಾಕಿದವು. ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು ಎಂಬ ನಿಯಮ ಮನುಸ್ಮೃತಿಯಲ್ಲಿದೆ. ಇದೇ ಮುಂದೆ ದಾಮ್‌ದುಪಟ್ ಎಂಬ ಹೆಸರಿನಲ್ಲಿ ಉಳಿದು, ಬ್ರಿಟಿಷರ ಕಾಲದ ಮುಂಬಯಿ ಪ್ರಾಂತದ ಕೋರ್ಟುಗಳಲ್ಲೂ ನಡೆಯಿತು. ಅದೇ ಮನುಸ್ಮೃತಿ ಇನ್ನೊಂದು ಮಾತನ್ನೂ ಹೇಳುತ್ತದೆ: ತಿಂಗಳಿಗೆ ನೂರಕ್ಕೆ ಎರಡು, ಮೂರು, ನಾಲ್ಕು, ಐದು ಎಂದು ವರ್ಣಕ್ರಮದಲ್ಲಿ ಬಡ್ಡಿ. ಬ್ರಾಹ್ಮಣನಿಗೆ ಎರಡು, ಶೂದ್ರನಿಗೆ ಐದು. ದುಡಿದು ತಿನ್ನುವವನ ಮೇಲೆ ಹೆಚ್ಚು ಭಾರ ಹೊರಿಸಿದ ಈ ನಿಯಮವೂ ಧರ್ಮದ ಹೆಸರಿನಲ್ಲೇ ಬಂದದ್ದು. ಬೋಧನೆಯ ಪ್ರಭಾವ ಎಂದಾಗ ಬರೀ ಒಳ್ಳೆಯದನ್ನೇ ಎಣಿಸಿ ಸುಮ್ಮನಾಗುವುದು ನ್ಯಾಯವಲ್ಲ.

ಯುರೋಪಿನಲ್ಲಿ ಚರ್ಚಿನ ನಿಲುವು ಬಹಳ ಗಟ್ಟಿಯಾಗಿತ್ತು. 1179ರಲ್ಲಿ ರೋಮಿನ ಲ್ಯಾಟರನ್‌ನಲ್ಲಿ ಸೇರಿದ ಚರ್ಚಿನ ಮಹಾಸಭೆ, ರಾಜಾರೋಷವಾಗಿ ಬಡ್ಡಿ ವ್ಯವಹಾರ ಮಾಡುವವರಿಗೆ ಕ್ರೈಸ್ತ ವಿಧಿಯ ಶವಸಂಸ್ಕಾರವೂ ಇಲ್ಲ ಎಂದು ಸಾರಿತು. ಅಷ್ಟಾದರೂ ಬಡ್ಡಿ ನಿಲ್ಲಲಿಲ್ಲ, ಬೇರೆ ಬೇರೆ ಹೆಸರಿನಲ್ಲಿ ನಡೆಯಿತು. ನಿಜವಾದ ಬದಲಾವಣೆ ಬಂದದ್ದು ಇಟಲಿಯ ಪೆರೂಜಾ ನಗರದಲ್ಲಿ, 1462ರಲ್ಲಿ. ಫ್ರಾನ್ಸಿಸ್ಕನ್ ಸನ್ಯಾಸಿಗಳು ಜನರಿಂದ ಹಣ ಕೂಡಿಸಿ ಬಡವರಿಗಾಗಿ ಗಿರವಿ ಸಂಸ್ಥೆ ತೆರೆಸಿದರು. ಬಟ್ಟೆಯನ್ನೋ ಸಲಕರಣೆಯನ್ನೋ ಒತ್ತೆಯಿಟ್ಟು ಸಣ್ಣ ಸಾಲ ಒಯ್ಯಬಹುದಿತ್ತು. ಗುಮಾಸ್ತರ ಸಂಬಳ, ಬಾಡಿಗೆ ಇವಕ್ಕಾಗಿ ಸಾಲಗಾರರಿಂದ ಒಂದಿಷ್ಟು ಹಣ ತೆಗೆದುಕೊಳ್ಳುತ್ತಿದ್ದರು. ಇದೂ ಬಡ್ಡಿಯೇ ಎಂದು ಬೇರೆ ಸನ್ಯಾಸಿಗಳು ತಿರುಗಿಬಿದ್ದರು. ಖರ್ಚಿನಷ್ಟು ಪಡೆಯುವುದು ತಪ್ಪಲ್ಲ ಎಂದು ಪೋಪ್ ಹತ್ತನೆಯ ಲಿಯೋ 1515ರಲ್ಲಿ ತೀರ್ಪು ಕೊಡುವವರೆಗೆ ಆ ಜಗಳ ನಡೆಯಿತು. ಶಾಪ ಹಾಕಿ ಆಗದ ಕೆಲಸವನ್ನು ಒಂದು ಗಿರವಿ ಮಳಿಗೆ ಮಾಡಿತು. ಬೇಡ ಎಂದವರೇ, ಹಾಗಾದರೆ ಬಡವನು ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಉತ್ತರ ಕೊಟ್ಟಾಗ ಬೋಧನೆಗೆ ಕಾಲು ಬರುತ್ತದೆ. ನನ್ನ ನಂಬಿಕೆ ಇದು.

ಇಸ್ಲಾಂ ಕೂಡ ಬಡ್ಡಿಯನ್ನು ನಿಷೇಧಿಸಿತು, ಜೊತೆಗೆ ಬೇರೆ ದಾರಿಯನ್ನೂ ಬೆಳೆಸಿತು. ಮುದಾರಬಾ ಎಂಬ ಒಪ್ಪಂದದಲ್ಲಿ ಒಬ್ಬನದು ಹಣ, ಇನ್ನೊಬ್ಬನದು ದುಡಿಮೆ. ಲಾಭ ಬಂದರೆ ಮೊದಲೇ ಮಾತಾಡಿಕೊಂಡ ಪಾಲು. ನಷ್ಟವಾದರೆ ಹಣ ಹಾಕಿದವನದು ಹೋಗುತ್ತದೆ, ದುಡಿದವನ ಶ್ರಮ ಹೋಗುತ್ತದೆ. ಸಾಲ ಮಾಡಿ ಕೆಟ್ಟವನ ಮನೆ ಹರಾಜಾಗುವ ಪದ್ಧತಿಗೂ ಇದಕ್ಕೂ ಎಷ್ಟು ಅಂತರ ನೋಡಿ. 1963ರಲ್ಲಿ ಈಜಿಪ್ಟಿನ ಮಿತ್ ಘಮ್ರ್ ಪಟ್ಟಣದಲ್ಲಿ ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕು ಶುರುವಾಯಿತು, 1975ರಲ್ಲಿ ದುಬೈಯಲ್ಲಿ ವಾಣಿಜ್ಯ ಬ್ಯಾಂಕೇ ಬಂತು.

ಈಗ ಇಂಥ ಬ್ಯಾಂಕುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮುದಾರಬಾ ಅಲ್ಲ, ಮುರಾಬಹಾ. ಗ್ರಾಹಕನಿಗೆ ಬೇಕಾದ ಯಂತ್ರವನ್ನು ಬ್ಯಾಂಕು ತಾನೇ ಕೊಂಡು, ಲಾಭ ಸೇರಿಸಿ, ಕಂತಿನಲ್ಲಿ ಅವನಿಗೆ ಮಾರುತ್ತದೆ. ಲೆಕ್ಕ ಹಾಕಿದರೆ ಬಡ್ಡಿ ಸಾಲದಷ್ಟೇ ಆಗುತ್ತದೆ, ಹೆಸರು ಮಾತ್ರ ಬೇರೆ ಎಂದು ಮುಸ್ಲಿಂ ಅರ್ಥಶಾಸ್ತ್ರಜ್ಞರೇ ಆಕ್ಷೇಪಿಸಿದ್ದಾರೆ. ಮುರಾಬಹಾವನ್ನು ಒಪ್ಪುವ ವಿದ್ವಾಂಸರು ಒಂದು ಷರತ್ತಿನ ಮೇಲೆ ನಿಲ್ಲುತ್ತಾರೆ: ಯಂತ್ರ ಸ್ವಲ್ಪ ಕಾಲವಾದರೂ ನಿಜವಾಗಿ ಬ್ಯಾಂಕಿನ ಸ್ವತ್ತಾಗಿರಬೇಕು, ಗ್ರಾಹಕನಿಗೆ ಮಾರುವ ಮೊದಲೇ ಅದು ಸುಟ್ಟುಹೋದರೆ ನಷ್ಟ ಬ್ಯಾಂಕಿನದೇ ಆಗಬೇಕು. ಕಾಗದದ ಮೇಲೆ ಮಾತ್ರ ಕೈ ಬದಲಾಗುವ ವ್ಯವಹಾರವನ್ನು ಅವರೂ ಒಪ್ಪುವುದಿಲ್ಲ.

ನಮಸ್ಕಾರ.