ಕಾರಿನ ರೇಡಿಯೊ ಕೈಕೊಟ್ಟಿದೆಯಾ? ಹೊಸ ಸೆಟ್ ಹಾಕಿಸುವ ಮೊದಲು ಇದನ್ನು ನೋಡಿ

[ದೃಶ್ಯ: ಡ್ಯಾಶ್‌ಬೋರ್ಡ್ ಹತ್ತಿರದಿಂದ. ಸ್ಟೀರಿಯೊ ಆನ್ ಆಗಿ, ಒಮ್ಮೆ ಮಿನುಗಿ, ಆರಿಹೋಗುತ್ತದೆ.]

ನಮಸ್ಕಾರ. ಈ ಕಾರಿಗೆ ಹತ್ತು ವರ್ಷ ದಾಟಿದೆ. ಕಂಪನಿಯಿಂದಲೇ ಬಂದ ಸ್ಟೀರಿಯೊ ಬೆಳಿಗ್ಗೆ ಚೆನ್ನಾಗಿ ಹಾಡುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದರೆ ಸದ್ದೇ ಇಲ್ಲ. ಸಂಜೆ ತಂಪಾದ ಮೇಲೆ ತಾನಾಗಿಯೇ ಮತ್ತೆ ಶುರು. ಒಳಗಿನ ಬೋರ್ಡಿನಲ್ಲಿ ಎಲ್ಲೋ ಸೋಲ್ಡರ್ ಬಿರುಕು ಬಿಟ್ಟರೆ ಹೀಗಾಗುತ್ತದೆ. ಬಿಸಿಗೆ ಬೋರ್ಡು ಹಿಗ್ಗಿ ಕನೆಕ್ಷನ್ ತಪ್ಪುತ್ತದೆ, ತಣ್ಣಗಾದಾಗ ಮತ್ತೆ ತಾಗುತ್ತದೆ.

ಬೆಂಗಳೂರಿನಲ್ಲಿ ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: ಕಾರ್ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ, ಹೊಸ ಸೆಟ್ ಹಾಕಿಸಿ. ಒಳ್ಳೆಯ ಸಲಹೆಯೇ. ಆದರೆ ಹಾಕಿಸಿಕೊಂಡು ಬಂದ ಮೇಲೆ, "ಬ್ಲೂಟೂತ್ ಸೂಪರ್, ಎಫ್‌ಎಂ ಮಾತ್ರ ಗೊರಗೊರ" ಅನ್ನುವವರು ಜಾಸ್ತಿ. ಹೊಸ ಸೆಟ್ಟೇ ಸರಿಯಿಲ್ಲ ಎಂದು ಬೈಯುತ್ತಾರೆ. ಬಹಳ ಸಲ ತಪ್ಪು ಸೆಟ್ಟಿನದಲ್ಲ, ಅದರ ಹಿಂದೆ ಸೇರಿಸಿದ ವೈರಿನದು. ಇವತ್ತು ಆ ಹಿಂಬದಿಯನ್ನೇ ನೋಡೋಣ.

[ದೃಶ್ಯ: ಫ್ಯೂಸ್ ಬಾಕ್ಸ್, ಮಲ್ಟಿಮೀಟರ್.]

ಮೊದಲು, ಹಳೆಯ ಸೆಟ್ ನಿಜವಾಗಿಯೂ ಕೆಟ್ಟಿದೆಯಾ? ಪ್ರತಿ ಸಲ ಕೀ ತೆಗೆದಾಗಲೂ ಸ್ಟೇಷನ್, ಗಡಿಯಾರ ಎಲ್ಲ ಮರೆತುಹೋಗುತ್ತಿದ್ದರೆ ಮೊದಲು ಫ್ಯೂಸ್ ನೋಡಿ. ನೆನಪು ಉಳಿಸುವ ವೈರಿಗೆ ಕರೆಂಟ್ ಬರುತ್ತಿಲ್ಲ ಎಂದೇ ಅದರರ್ಥ. ಎಫ್‌ಎಂ ಮಾತ್ರ ಕೆಟ್ಟು ಯುಎಸ್‌ಬಿ ಸರಿಯಾಗಿದ್ದರೆ ಮೇಲಿನ ಆಂಟೆನಾ ನೋಡಿ. ಕಾರ್ ತೊಳೆಯುವಾಗ ಕಡ್ಡಿ ಬಿಚ್ಚಿ, ಆಮೇಲೆ ಅರ್ಧ ತಿರುಗಿಸಿ ಬಿಟ್ಟಿರುತ್ತಾರೆ. ಕಡ್ಡಿ ಪೂರ್ತಿ ಬಿಚ್ಚಿ ಒಳಗೆ ಇಣುಕಿ. ಮಳೆ ನೀರು ಇಳಿದಿದ್ದರೆ ಅಲ್ಲಿ ಹಸಿರು ಕಿಲುಬು ಕಾಣುತ್ತದೆ. ಹಾಗಿದ್ದರೆ ಎಷ್ಟು ದುಡ್ಡಿನ ಸೆಟ್ ತಂದರೂ ಪ್ರಯೋಜನವಿಲ್ಲ. ಬ್ಯಾಟರಿಯನ್ನೂ ಅಳೆಯಿರಿ. ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಹತ್ತಿರ, ಓಡುವಾಗ 14ರ ಆಸುಪಾಸು ಇರಬೇಕು. ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಕಾರ್ ಇರುವ ಮನೆಯಲ್ಲಿ ಒಂದು ಇರಲಿ.

ಇದೆಲ್ಲ ಸರಿಯಿದ್ದೂ ಬಿಸಿಲಿಗೆ ಸಾಯುತ್ತಿದೆ ಎಂದರೆ ಸೆಟ್ ಬದಲಾಯಿಸುವುದೇ ಸರಿ.

[ದೃಶ್ಯ: ಟೇಪಿನಿಂದ ಡ್ಯಾಶ್‌ಬೋರ್ಡಿನ ಕಿಂಡಿ ಅಳೆಯುವುದು.]

ಅಳತೆಯಲ್ಲಿ ಮುಖ್ಯವಾಗಿ ಎರಡು ಬಗೆ. ಸಿಂಗಲ್ ಡಿನ್ ಎಂದರೆ 180 ಮಿಲಿಮೀಟರ್ ಅಗಲ, 50 ಎತ್ತರ. ಡಬಲ್ ಡಿನ್ ಎತ್ತರದಲ್ಲಿ ಅದರ ಎರಡರಷ್ಟು, 100. ಕೆಲವು ಕಾರುಗಳ ಸ್ಟೀರಿಯೊ ಡ್ಯಾಶ್‌ಬೋರ್ಡಿನ ಆಕಾರಕ್ಕೇ ಮಾಡಿದ್ದು. ಅದಕ್ಕೆ ಆ ಮಾಡೆಲ್‌ನದೇ ಫ್ರೇಮ್ ಬೇಕು. ಎಸಿ, ಪಾರ್ಕಿಂಗ್ ಸೆನ್ಸರ್, ಕಾರಿನ ಸೆಟ್ಟಿಂಗ್ಸ್ ಎಲ್ಲ ಆ ಪರದೆಯಲ್ಲೇ ಬರುವ ಹೊಸ ಕಾರಾದರೆ ಕೈ ಹಾಕಬೇಡಿ. ಹಳೆಯದನ್ನೇ ರಿಪೇರಿ ಮಾಡಿಸಿ.

ಯಾವ ಸೆಟ್? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನೀವು ರೇಡಿಯೊ ಕೇಳುವವರಾದರೆ, ತಿರುಗಿಸುವ ವಾಲ್ಯೂಮ್ ನಾಬ್ ಇರುವ, ಹೆಸರಾಂತ ಕಂಪನಿಯ ಸಾದಾ ಸೆಟ್ ತೆಗೆದುಕೊಳ್ಳಿ. ಅಗ್ಗದ ಒಂಬತ್ತು ಇಂಚಿನ ಆಂಡ್ರಾಯ್ಡ್ ಪರದೆ ನೋಡಲು ಚೆಂದ. ಆದರೆ ಬಹಳಷ್ಟರಲ್ಲಿ ಎಫ್‌ಎಂ ಕಡೆಗೆ ಗಮನವೇ ಕೊಟ್ಟಿರುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಣ್ಣು ಮುಂದಿನ ಬೈಕ್ ಮೇಲಿರಬೇಕು, ಸದ್ದು ಕಡಿಮೆ ಮಾಡಲು ಗಾಜಿನ ಮೇಲೆ ಬೆರಳಾಡಿಸುತ್ತಾ ಕೂರುವುದು ಬೇಡ. ಡಬ್ಬದ ಮೇಲೆ ನಾಲ್ಕು ಸ್ಪೀಕರಿಗೂ 50 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಕ್ಷಣಮಾತ್ರದ ಗರಿಷ್ಠ. ಸತತವಾಗಿ ಸಿಗುವುದು ಒಂದೊಂದಕ್ಕೆ ಸುಮಾರು 20 ವ್ಯಾಟ್. ಕಾರಿನ ಹಳೆಯ ಸ್ಪೀಕರ್ ಹರಿದಿಲ್ಲದಿದ್ದರೆ ಅದೇ ಸಾಕು.

[ದೃಶ್ಯ: ಸೆಟ್ ಹೊರಗೆಳೆದು, ಹಿಂದಿನ ವೈರುಗಳ ಗೊಂಚಲು ಹತ್ತಿರದಿಂದ.]

ಈಗ ಮುಖ್ಯ ವಿಷಯ. ಅಂಗಡಿಯಲ್ಲಿ ಕೂತ ಕೂಡಲೇ ಹೇಳಬೇಕಾದ ಮಾತು ಇದು: "ಅಣ್ಣ, ಒಂದು ವೈರೂ ಕಟ್ ಮಾಡಬೇಡಿ. ಕಪ್ಲರ್ ಹಾಕಿ." ಕಾರಿನ ಸಾಕೆಟ್ಟಿಗೆ ಒಂದು ತುದಿ, ಹೊಸ ಸೆಟ್ಟಿಗೆ ಇನ್ನೊಂದು ತುದಿ ಹೊಂದುವ ವೈರಿಂಗ್ ತುಂಡು ಅದು. ಕತ್ತರಿಸಿ, ತಿರುಚಿ, ಟೇಪ್ ಸುತ್ತಿದ ಜಾಯಿಂಟ್ ಬಿಸಿಲಿಗೆ ಅಂಟು ಬಿಡುತ್ತದೆ. ವಾರಂಟಿ ಇರುವ ಕಾರಾದರೆ ಆಮೇಲೆ ಅದರ ಜಗಳ ಬೇರೆ.

ಹೊಸ ಸೆಟ್ಟಿನ ವೈರಿಗೆ ಸಾಮಾನ್ಯವಾಗಿ ಬಣ್ಣದ ಲೆಕ್ಕ ಇದೆ. ಹಳದಿಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಕಪ್ಪು ಅರ್ತ್, ಅಂದರೆ ಕಾರಿನ ಲೋಹದ ಮೈಗೆ ಸೇರುವ ವೈರ್. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಮೈನಸ್. ಸ್ಪೀಕರಿನ ಮೈನಸನ್ನು ಕಾರಿನ ಲೋಹದ ಮೈಗೆ ಅರ್ತ್ ಮಾಡಿದರೆ ಹೊಸ ಸೆಟ್ಟಿನ ಆಂಪ್ಲಿಫೈಯರ್ ಸುಟ್ಟೀತು, ಹುಷಾರು. ಇದು ಸೆಟ್ಟಿನ ಕಡೆಯ ಲೆಕ್ಕ. ಕಾರಿನ ಕಡೆ ಬಣ್ಣ ಬೇರೆಯೇ ಇರುತ್ತದೆ, ಅಲ್ಲಿ ಮೀಟರ್ ಹಿಡಿದೇ ನೋಡಬೇಕು.

ಕೆಲವು ಕಡೆ ಅವಸರಕ್ಕೆ ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ತಿರುಚಿಬಿಡುತ್ತಾರೆ. ಎರಡೂ ಕೀ ಕಡೆ ಹೋದರೆ ಸೆಟ್ಟಿಗೆ ಏನೂ ನೆನಪಿರುವುದಿಲ್ಲ. ಎರಡೂ ಬ್ಯಾಟರಿ ಕಡೆ ಹೋದರೆ ಸೆಟ್ ಮಲಗುವುದೇ ಇಲ್ಲ. ಇಂಜಿನ್ ರೇಸ್ ಮಾಡಿದಂತೆಲ್ಲ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಏರಿದರೆ ಮೊದಲು ಅರ್ತ್ ನೋಡಿಸಿ.

[ದೃಶ್ಯ: ಆಂಟೆನಾ ಪ್ಲಗ್, ಪಕ್ಕದಲ್ಲಿ ನೀಲಿ ವೈರ್.]

ಎಫ್‌ಎಂ ಗೊರಗೊರಕ್ಕೆ ಬರೋಣ. ಈಗಿನ ಬಹಳ ಕಾರುಗಳಲ್ಲಿ ಆಂಟೆನಾ ಗಿಡ್ಡ. ಗಿಡ್ಡ ಆಂಟೆನಾ ಹಿಡಿಯುವ ಸಿಗ್ನಲ್ ಕಡಿಮೆ, ಅದಕ್ಕೆ ಅದರ ಬುಡದಲ್ಲೇ ಪುಟ್ಟ ಬೂಸ್ಟರ್ ಕೂರಿಸಿರುತ್ತಾರೆ. ಆ ಬೂಸ್ಟರಿಗೆ 12 ವೋಲ್ಟ್ ಬೇಕು. ಹಳೆಯ ಸೆಟ್ ಅದನ್ನು ಕೊಡುತ್ತಿತ್ತು, ಕೆಲವು ಕಾರಿನಲ್ಲಿ ಬೇರೆ ವೈರಿನಿಂದ, ಕೆಲವದರಲ್ಲಿ ಆಂಟೆನಾ ಕೇಬಲಿನ ಒಳಗಿಂದಲೇ. ಹೊಸ ಸೆಟ್ಟಿನಲ್ಲಿ ಅದಕ್ಕೆಂದೇ ನೀಲಿ ವೈರ್ ಇರುತ್ತದೆ. ಅದನ್ನು ಎಲ್ಲಿಗೂ ಸೇರಿಸದೆ ಸುಮ್ನೆ ಮಡಚಿ ಒಳಗೆ ತಳ್ಳಿದರೆ ಬೂಸ್ಟರಿಗೆ ಕರೆಂಟೇ ಇಲ್ಲ. ಕೇಬಲಿನ ಒಳಗಿಂದ ಕೊಡಬೇಕಾದ ಕಾರಾದರೆ, ನೀಲಿ ವೈರನ್ನು ಸೇರಿಸುವ ಜಾಗ ಇರುವ ಆಂಟೆನಾ ಅಡಾಪ್ಟರ್ ಕೇಳಿ. ಪ್ಲಗ್ ಹೊಂದಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಫ್ರೇಮ್ ಮುಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಮಂದವಾಗಿ ಬರುವ ಒಂದು ಸ್ಟೇಷನ್ ಇಟ್ಟು ಆಂಟೆನಾ ಪ್ಲಗ್ ಎಳೆಯಿರಿ, ಮತ್ತೆ ಹಾಕಿ. ಹಾಕಿದಾಗ ಸದ್ದು ಸ್ವಚ್ಛವಾಗಬೇಕು. ವ್ಯತ್ಯಾಸವೇ ಇಲ್ಲವೆಂದರೆ ಆಂಟೆನಾ ಅಥವಾ ಬೂಸ್ಟರ್ ಕೆಲಸ ಮಾಡುತ್ತಿಲ್ಲ. ಊರ ಮಧ್ಯೆ ಜೋರಾಗಿ ಬರುವ ಸ್ಟೇಷನ್ ಹಾಕಿ "ನೋಡಿ ಸಾರ್, ಬರ್ತಿದೆ" ಎಂದರೆ ಒಪ್ಪಬೇಡಿ. ಅದು ಕೆಟ್ಟ ಆಂಟೆನಾದಲ್ಲೂ ಬರುತ್ತದೆ, ಬಿಡದಿ ದಾಟಿದ ಮೇಲೆ ಬಣ್ಣ ಬಯಲಾಗುತ್ತದೆ.

[ದೃಶ್ಯ: ಸೆಟ್ಟಿಂಗ್ಸ್ ಪರದೆ, ರೇಡಿಯೊ ಏರಿಯಾ.]

ಇನ್ನೊಂದು, ಯಾರೂ ನೋಡದ ಸೆಟ್ಟಿಂಗ್. ರೇಡಿಯೊ ಏರಿಯಾ, ಅಂದರೆ ಸೆಟ್ ಯಾವ ದೇಶದ ಲೆಕ್ಕದಲ್ಲಿ ಸ್ಟೇಷನ್ ಹುಡುಕಬೇಕು ಎಂಬುದು, ಅಮೆರಿಕಕ್ಕೆ ಇದ್ದರೆ ಎಫ್‌ಎಂ 0.2ರಂತೆ ಜಿಗಿಯುತ್ತದೆ, ಬಿಂದುವಿನ ನಂತರ ಬೆಸ ಅಂಕಿ ಇರುವ ಜಾಗಗಳಿಗೆ ಮಾತ್ರ. ಆಕಾಶವಾಣಿಯ ಎಫ್‌ಎಂ ಸ್ಟೇಷನ್ನುಗಳಾದ ಕಾಮನಬಿಲ್ಲು 101.3, ವಿವಿಧ ಭಾರತಿ 102.9, ಎರಡೂ ಬೆಸ, ಹಾಗಾಗಿ ಸಿಗುತ್ತವೆ. ಯಾರಿಗೂ ಅನುಮಾನ ಬರುವುದಿಲ್ಲ. ಆದರೆ 104.0 ತರಹದ ಜಾಗಕ್ಕೆ ಸೆಟ್ ಹೋಗುವುದೇ ಇಲ್ಲ. ಎಎಂ, ಅಂದರೆ ಮೀಡಿಯಂ ವೇವ್, ಇನ್ನೂ ಮುಖ್ಯ. ನಮ್ಮಲ್ಲಿ ಎಎಂ ಸ್ಟೇಷನ್ನುಗಳು 9 ಕಿಲೋಹರ್ಟ್ಜ್ ಅಂತರದಲ್ಲಿವೆ, ಅಮೆರಿಕದಲ್ಲಿ 10. ಆಕಾಶವಾಣಿ ಬೆಂಗಳೂರಿನದು 612, ಅಂದರೆ 9 ಗುಣಿಸು 68. ಅಮೆರಿಕದ ಲೆಕ್ಕದಲ್ಲಿ ಸೆಟ್ 610ರಿಂದ ನೇರ 620ಕ್ಕೆ ಹಾರುತ್ತದೆ. ಮನೆಯಲ್ಲಿ ಹಿರಿಯರು ಆಕಾಶವಾಣಿ ಕೇಳುವವರಾದರೆ ಇದನ್ನು ಖಂಡಿತ ನೋಡಿ. ಕೆಲವು ಹೊಸ ಸೆಟ್ಟುಗಳಲ್ಲಿ ಎಎಂ ಇರುವುದೇ ಇಲ್ಲ, ಕೊಳ್ಳುವಾಗಲೇ ಕೇಳಿ. ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್ 2001ರಲ್ಲಿ ಶುರುವಾಗಿದ್ದೇ ಈ ಊರಿನಲ್ಲಿ. ಇಲ್ಲಿ ಕಾರಿಗೆ ಹೊಸ ಸೆಟ್ ಹಾಕಿಸಿ ರೇಡಿಯೊ ಇಲ್ಲದೆ ಓಡಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಸ್ಟೀರಿಂಗ್ ಮೇಲಿನ ಬಟನ್ನುಗಳು ಬಹಳ ಕಾರುಗಳಲ್ಲಿ ಹೊಸ ಸೆಟ್ಟಿನ ಕೀ-1, ಕೀ-2 ಎಂಬ ವೈರಿಗೆ ಸೇರಿಸಿ ಒಂದೊಂದಾಗಿ ಕಲಿಸಿದರೆ ಕೆಲಸ ಮಾಡುತ್ತವೆ. ಬಟನ್ನಿನ ಸಂದೇಶ ಡಿಜಿಟಲ್ ಆಗಿ ಹೋಗುವ ಕ್ಯಾನ್ (CAN) ವೈರಿಂಗ್ ಇರುವ ಕಾರಿಗೆ ಬೇರೆ ಡಿಕೋಡರ್ ಬಾಕ್ಸ್ ಬೇಕು, ರೇಟ್ ಮಾತಾಡುವಾಗಲೇ ಅದನ್ನೂ ಸೇರಿಸಿ ಕೇಳಿ.

[ದೃಶ್ಯ: ಬ್ಯಾಟರಿಯ ಮೈನಸ್ ಟರ್ಮಿನಲ್, ಮೀಟರ್ ಜೋಡಿಸುವುದು.]

ಕೊನೆಯ ಪರೀಕ್ಷೆ ಮನೆಯಲ್ಲಿ: ಕಾರ್ ನಿಂತಿರುವಾಗಲೂ ಸೆಟ್ ಬ್ಯಾಟರಿ ತಿನ್ನುತ್ತಿದೆಯಾ ಎಂದು ನೋಡಲು. ಕಾರ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಟರ್ಮಿನಲ್ ಮತ್ತು ಕೇಬಲಿನ ಮಧ್ಯೆ ಸೇರಿಸಿ. ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ. ಮೀಟರ್ ಸೇರಿಸಿರುವಾಗ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 300 ತೋರಿಸುತ್ತಿದ್ದರೆ, ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಐದು ದಿನದಲ್ಲಿ ಪೂರ್ತಿ ಖಾಲಿ. ಊರಿಗೆ ಹೋಗಿ ಬರುವಷ್ಟರಲ್ಲಿ ಕಾರ್ ಸ್ಟಾರ್ಟ್ ಆಗುವುದಿಲ್ಲ. ಸೆಟ್ಟಿನ ಫ್ಯೂಸ್ ತೆಗೆದ ಕೂಡಲೇ ಆ ಅಂಕಿ ಇಳಿದರೆ, ಅದರ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಹಳದಿ, ಕೆಂಪು ವೈರ್ ಎಲ್ಲಿಗೆ ಸೇರಿಸಿದ್ದೀರಿ, ತೆಗೆದು ತೋರಿಸಿ ಎಂದು ಕೇಳಿ. ಹಳೆಯ ಸೆಟ್ಟನ್ನು ಮಾತ್ರ ಅಲ್ಲಿ ಬಿಟ್ಟು ಬರಬೇಡಿ.