ಇಂಗ್ಲಿಷಿಗೂ ಸಂಧಿ ಇದೆ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಯಾವ ಕಾಲೇಜಿಗೆ ಹೋದರೂ ಹುಡುಗರು ನನಗೆ ಒಂದು ಮಾತು ಹೇಳುತ್ತಾರೆ. 'ಸರ್, ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ. ಅದನ್ನೇ ಅವರು ಮಾತಾಡಿದರೆ ಒಂದಕ್ಷರ ತಿಳಿಯಲ್ಲ.' ಅವರು ಅಂದರೆ ಇಂಗ್ಲಿಷನ್ನು ತಾಯಿಯ ಮಡಿಲಲ್ಲೇ ಕಲಿತವರು. ಅಮೆರಿಕದವರು, ಇಂಗ್ಲೆಂಡಿನವರು, ಆಸ್ಟ್ರೇಲಿಯಾದವರು. ಆ ಹುಡುಗರ ಮುಖದಲ್ಲಿ ಸೋತ ಭಾವ ಇರುತ್ತದೆ. ತಮ್ಮ ಕಿವಿಯೋ ತಲೆಯೋ ಸರಿ ಇಲ್ಲ ಅಂದುಕೊಂಡಿರುತ್ತಾರೆ. ಎರಡೂ ಸರಿ ಇವೆ. ಇವತ್ತು ನಾನು ಬಂದಿರುವುದು ಅದನ್ನು ಹೇಳುವುದಕ್ಕೇ.

ನಾನೂ ಇಲ್ಲೇ ಪಕ್ಕದ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವನು. ಎ, ಬಿ, ಸಿ, ಡಿ ಕಲಿತಿದ್ದು ಐದನೇ ಕ್ಲಾಸಿನಲ್ಲಿ. ಮುಂದೆ ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಒಂದು ದಿನ ಅಮೆರಿಕದಿಂದ ಬರಬೇಕಿದ್ದ ಒಬ್ಬರು ಫೋನ್ ಮಾಡಿದರು. 'ಐ ಕ್ಯಾನ್ ಮೇಕಿಟ್ ಫ್ರೈಡೇ' ಅಂದರು. ನನಗೆ ಕೇಳಿಸಿದ್ದು ಅಷ್ಟು. ಶುಕ್ರವಾರ ಬರುತ್ತಾರೆ ಅಂತ ಬರೆದುಕೊಂಡೆ. 'ಯೆಸ್ ಸರ್, ಯೆಸ್ ಸರ್' ಅಂದು ಫೋನ್ ಇಟ್ಟೆ. ಶುಕ್ರವಾರ ನಸುಕಿನಲ್ಲಿ ಏರ್‌ಪೋರ್ಟಿಗೆ ಕಾರು ಹೋಯಿತು. ಡ್ರೈವರ್ ಹೆಸರಿನ ಬೋರ್ಡ್ ಹಿಡಿದು ಬೆಳಗಾಗುವ ತನಕ ನಿಂತಿದ್ದರು. ಯಾರೂ ಬರಲಿಲ್ಲ. ಅವರು ಹೇಳಿದ್ದು 'ಕಾಂಟ್', ಬರೋಕಾಗಲ್ಲ ಅಂತ.

ಆ 'ಟ್' ಎಲ್ಲಿ ಹೋಯಿತು? ತುಂಬಾ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು. ನಾವು 'ಕಾಂಟ್' ಅಂತ ಕಲಿತ ಪದವನ್ನು ಅಮೆರಿಕದವರು 'ಕ್ಯಾನ್ಟ್' ಅನ್ನುತ್ತಾರೆ. ಅದರ ಕೊನೆಯ 'ಟ್' ಅನ್ನು ಬಾಯಲ್ಲೇ ತಡೆದು ನಿಲ್ಲಿಸಿಬಿಡುತ್ತಾರೆ, ಹೊರಗೆ ಬಿಡುವುದೇ ಕಡಿಮೆ. ಹಾಗಾದರೆ ಅವರವರಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ? ಸ್ವರದಿಂದ. ಬರುತ್ತೇನೆ ಅನ್ನುವಾಗ ಅವರು 'ಕ್ಯಾನ್' ಅಂತ ಪೂರ್ತಿ ಹೇಳುವುದಿಲ್ಲ. 'ಐ ಕ್‌ನ್ ಮೇಕಿಟ್' ಅಂತ ನುಂಗುತ್ತಾರೆ. ಬರೋಕಾಗಲ್ಲ ಅನ್ನುವಾಗ 'ಕ್ಯಾನ್' ಅಂತ ಒತ್ತಿ ಹೇಳುತ್ತಾರೆ. ನಾನು 'ಟ್' ಹುಡುಕುತ್ತಿದ್ದೆ, ಅವರು ಗುಟ್ಟನ್ನು ಸ್ವರದಲ್ಲಿ ಇಟ್ಟಿದ್ದರು. ಇನ್ನೊಂದು ಕಡೆಯಿಂದಲೂ ನೋಡಿ. ನಾವು ಸ್ಪಷ್ಟವಾಗಿರಲಿ ಅಂತ 'ಐ ಕ್ಯಾನ್ ಕಮ್' ಅಂತ ಒತ್ತಿ ಹೇಳಿದರೆ, ಅವರಿಗೆ 'ಬರಲ್ಲ' ಅಂತ ಕೇಳಿಸಬಹುದು!

ನಮ್ಮ ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಹೊತ್ತು ಸಿಗುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಅಂತ ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದೀರಲ್ವಾ? ಇಂಗ್ಲಿಷಿನ ಲೆಕ್ಕ ಬೇರೆ. ಅಲ್ಲಿ ಒತ್ತು ಬಿದ್ದ ಜಾಗಕ್ಕೇ ಮರ್ಯಾದೆ. 'ಫಾರ್ಮರ್ಸ್ ಗ್ರೋ ಮೇಜ್' ಅಂತ ಮೂರು ಚಪ್ಪಾಳೆ ತಟ್ಟಿ ಹೇಳಿ. ನಮ್ಮ ಜಿಲ್ಲೆಯ ಮೆಕ್ಕೆಜೋಳದ ಮಾತೇ ಇದು. ಈಗ 'ದ ಫಾರ್ಮರ್ಸ್ ಆರ್ ಗ್ರೋಯಿಂಗ್ ಸಮ್ ಮೇಜ್' ಅನ್ನಿ. ಪದ ಜಾಸ್ತಿ ಆದವು. ಆದರೆ ಅವರ ಬಾಯಲ್ಲಿ ಚಪ್ಪಾಳೆ ಮೂರೇ. ಹೆಚ್ಚು ಕಡಿಮೆ ಅಷ್ಟೇ ಹೊತ್ತಿನಲ್ಲಿ ಮುಗಿಸುತ್ತಾರೆ. ನಡುವಿನ 'ಆರ್', 'ಸಮ್' ಎಲ್ಲ ಚಪ್ಪಾಳೆಗಳ ಸಂದಿಯಲ್ಲಿ ಅಪ್ಪಚ್ಚಿ. 'ಕಪ್ ಆಫ್ ಟೀ' ಅನ್ನುವುದು 'ಕಪ್ಪಟೀ' ಆಗುತ್ತದೆ. ನಾವು ಪ್ರತಿ ಪದಕ್ಕೂ ಕಾಯುತ್ತಾ ಕೂತಿರುತ್ತೇವೆ, ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಸಂಧಿ. ಹೌದು, ನಮ್ಮ ಲೋಪ, ಆಗಮ, ಆದೇಶವೇ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಕನ್ನಡಕ್ಕೆ ವ್ಯಾಕರಣ ಬರೆದಾಗ ಮೊದಲ ಪ್ರಕರಣವನ್ನೇ ಸಂಧಿಗೆ ಕೊಟ್ಟ. ಮಾತಾಡುವಾಗ ಪದಗಳು ಒಂದನ್ನೊಂದು ಮುಟ್ಟುತ್ತವೆ, ಮುಟ್ಟಿದಾಗ ಬದಲಾಗುತ್ತವೆ. ಇಂಗ್ಲಿಷಿನಲ್ಲೂ ಅದೇ ಕಥೆ. 'ನೆಕ್ಸ್ಟ್ ಡೇ' ಅನ್ನುವಾಗ 'ಟ್' ಬಿದ್ದು 'ನೆಕ್ಸ್‌ಡೇ' ಆಗುತ್ತದೆ. ಅದು ಲೋಪ. 'ಮನೆ'ಗೆ 'ಅನ್ನು' ಸೇರಿದರೆ ನಡುವೆ ಯಕಾರ ಬರುತ್ತದೆ, 'ಗುರು'ವಿಗೆ ಸೇರಿದರೆ ವಕಾರ. ಅವರು 'ಸೀ ಇಟ್' ಅನ್ನುವುದನ್ನು 'ಸೀಯಿಟ್' ಅನ್ನುತ್ತಾರೆ, 'ಗೋ ಔಟ್' ಅನ್ನುವುದನ್ನು 'ಗೋವೌಟ್' ಅನ್ನುತ್ತಾರೆ. ಅದೇ ಯಕಾರ, ಅದೇ ವಕಾರ! ಇದು ಮೊದಲ ಸಲ ಹೊಳೆದಾಗ ನನಗಾದ ಖುಷಿ ಹೇಳತೀರದು. ಇನ್ನು ಆದೇಶ. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ, 'ಡಿಡ್ ಯು' ಸೇರಿ 'ಡಿಜು' ಆಗುತ್ತದೆ, 'ಮೀಟ್ ಯು' ಸೇರಿ 'ಮೀಚು' ಆಗುತ್ತದೆ. ವ್ಯತ್ಯಾಸ ಒಂದೇ. ನಾವು ಸಂಧಿಯನ್ನು ಬರವಣಿಗೆಯಲ್ಲೂ ತೋರಿಸುತ್ತೇವೆ, ಅವರು ತೋರಿಸುವುದಿಲ್ಲ. ಪುಸ್ತಕದಲ್ಲಿ ಬಿಡಿಬಿಡಿ ಪದ, ಬಾಯಲ್ಲಿ ಬೆಸೆದ ಪದ. ಪುಸ್ತಕದಿಂದಲೇ ಕಲಿತ ನಮಗೆ ಆ ಬೆಸುಗೆಯನ್ನು ಯಾರೂ ತೋರಿಸಿಕೊಟ್ಟಿಲ್ಲ.

ಇದು ಅವರೊಬ್ಬರದೇ ಅಭ್ಯಾಸ ಅನ್ನಬೇಡಿ. ಕ್ಲಾಸಿನಲ್ಲಿ ಕನ್ನಡ ಕಲಿತ ಹೊರಗಿನವರೊಬ್ಬರು ನಮ್ಮ ಬಸ್ ಸ್ಟ್ಯಾಂಡಿಗೆ ಬಂದರು ಅಂದುಕೊಳ್ಳಿ. 'ನೀವು ಎಲ್ಲಿಗೆ ಹೊರಟಿದ್ದೀರಿ?' ಅಂತ ಕಲಿತಿದ್ದಾರೆ. ಇಲ್ಲಿ ಕೇಳುವುದು 'ಎಲ್ಲಿಗ್ ಹೊಂಟ್ರಿ?' ಬೋರ್ಡಿನಲ್ಲಿ ಹರಪನಹಳ್ಳಿ ಅಂತಿದೆ, ಕಂಡಕ್ಟರ್ ಕೂಗುವುದು 'ಹರ್ಪನಳ್ಳಿ, ಹರ್ಪನಳ್ಳಿ'. ಅವರು ಪಾಪ ಏನು ಮಾಡಬೇಕು?

ಊರೂರಿಗೆ ಧಾಟಿ ಬೇರೆ ಅನ್ನುವುದೂ ಇದೆ. ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ ಬೇರೆ ಇರುವ ಹಾಗೆ ಗ್ಲ್ಯಾಸ್ಗೋದವರ ಇಂಗ್ಲಿಷ್ ಬೇರೆ, ಲಂಡನ್ನಿನವರದು ಬೇರೆ. ಅದಕ್ಕೆ ಈಗಲೇ ಹೆದರುವುದು ಬೇಡ. ಮೊದಲು ಒಂದು ಧಾಟಿಗೆ ಕಿವಿ ಹೊಂದಲಿ.

ಕಿವಿ ಹೊಂದುವುದು ಹೇಗೆ? ಇಂಗ್ಲಿಷ್ ಸಿನಿಮಾ ಸುಮ್ನೆ ಹಾಕಿಕೊಂಡು ಕೂತರೆ ಆಗುವುದಿಲ್ಲ. ಕೆಳಗೆ ಅಕ್ಷರ ಬರುತ್ತಿದ್ದರೆ ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ. ನನಗೆ ಫಲ ಕೊಟ್ಟಿದ್ದು ಉಕ್ತಲೇಖನ. ಬಿಬಿಸಿಯವರ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಕಾರ್ಯಕ್ರಮ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ, ಅದರ ಮಾತೆಲ್ಲ ಬರಹದಲ್ಲೂ ಇರುತ್ತದೆ. ಬರಹವನ್ನು ಮುಚ್ಚಿಡಿ. ಇಪ್ಪತ್ತು ಸೆಕೆಂಡ್ ಮಾತ್ರ ಕೇಳಿ. ಕೇಳಿಸಿದ್ದನ್ನು ಬರೆಯಿರಿ, ಬೇಕಾದರೆ ಕನ್ನಡ ಅಕ್ಷರದಲ್ಲೇ ಬರೆಯಿರಿ. ಐದು ಸಲ ಕೇಳಿ. ಆಮೇಲೆ ಬರಹ ತೆಗೆದು ಹೋಲಿಸಿ. ತಪ್ಪಿದ ಜಾಗದಲ್ಲಿ ಲೋಪ ಆಗಿದೆಯೋ, ಆಗಮವೋ, ಆದೇಶವೋ ನೋಡಿ.

ಇನ್ನೊಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಅರ್ಥ ಆಗದಿದ್ದಾಗ 'ಯೆಸ್ ಯೆಸ್' ಅನ್ನಬೇಡಿ. ಅವತ್ತು ನಾನು 'ಸೋ, ಯು ಆರ್ ಕಮಿಂಗ್ ಆನ್ ಫ್ರೈಡೇ?' ಅಂತ ತಿರುಗಿ ಕೇಳಿದ್ದರೆ ಸಾಕಿತ್ತು. 'ನೋ, ನೋ' ಅಂದಿರುತ್ತಿದ್ದರು. ಆ ಡ್ರೈವರ್ ಮನೆಯಲ್ಲಿ ನಿದ್ದೆ ಮಾಡಿರುತ್ತಿದ್ದರು. ನಮ್ಮ ಊರಲ್ಲಿ ಯಾರಾದರೂ 'ಏನಂದ್ರಿ?' ಅಂತ ಕೇಳಿದರೆ ನಾವು ಅವರನ್ನು ದಡ್ಡರು ಅನ್ನುತ್ತೇವಾ? ಇನ್ನೊಮ್ಮೆ ಹೇಳುತ್ತೇವೆ, ಅಷ್ಟೇ.

ಸರಿ, ನೋಟ್‌ಬುಕ್ ತೆಗೆಯಿರಿ. ಫ್ಯಾನ್ ಸದ್ದು ಜಾಸ್ತಿ ಇದೆ, ಹಿಂದಿನ ಬೆಂಚಿನವರು ಒಂದು ನಿಮಿಷ ಆಫ್ ಮಾಡಿ. ಈಗ ಇಪ್ಪತ್ತು ಸೆಕೆಂಡಿನ ಮಾತು ಹಾಕುತ್ತೇನೆ. ಪೂರ್ತಿ ಸಿಗದಿದ್ದರೂ ಪರವಾಗಿಲ್ಲ, ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಯಿರಿ.